ಮಂಡಕ್ಕಿ ತಿಂದ ಬುಗುಡಿ

ಊರಾಚೆ ಒಂದು ಜಾಲಿ ಕಾಡು. ಕಾಡಿನ ಅಂಚಿಗೆ ಸದಾ ಹೊಗೆಯಾಡುವ ಒಂದು ಮಂಡಕ್ಕಿ ಭಟ್ಟಿ. ಅಲ್ಲಿ ಮಂಡಕ್ಕಿ ಹುರಿಯುವ ಹುಲಿಗೆವ್ವ ಒಂದಷ್ಟು ಕೋಳಿ ಸಾಕಿದ್ದಳು. ಬೆಳಗಾದರೆ ಅವು ಕಾಡಿಗೆ ನುಗ್ಗಿ, ಸಂಜೆಯವರೆಗೆ ಕೆದಕಿ ಕೆದಕಿ ತಿಂದು ಬರುತ್ತಿದ್ದವು. ಗೂಡಿಲ್ಲ, ಕಟ್ಟಿಲ್ಲ. ನಿಮಗಿಂತ ಅವಕ್ಕೇ ಆಟ ಜಾಸ್ತಿ ಎನ್ನಿ ಮಕ್ಕಳೇ.

ಅವರಲ್ಲಿ ಒಬ್ಬಳು ಬುಗುಡಿ. ಕೆಂಪು ಮೈ, ಕಿವಿಯ ಹತ್ತಿರ ಬುಗುಡಿ ಇಟ್ಟಂತೆ ಎರಡು ಬಿಳಿ ಮಚ್ಚೆ. ಚೆಲುವೆ ಹೌದು, ಆದರೆ ಒಂದು ಕೆಟ್ಟ ಚಾಳಿ. ನಾಲಿಗೆಗೆ ಯಾವುದು ಹಿಡಿಸಿತೋ ಅದೇ ಬೇಕು, ಅದು ಮಾತ್ರ, ಮೂರು ಹೊತ್ತೂ. ನಗಬೇಡಿ, ನಿಮ್ಮಲ್ಲೂ ಅಂಥವರು ಎಷ್ಟು ಜನ ಇದ್ದೀರಿ ಅಂತ ನನಗೆ ಗೊತ್ತು.

ಒಂದು ದಿನ ಭಟ್ಟಿಯ ಹಿಂದೆ, ಜರಡಿ ಹಿಡಿಯುವ ಜಾಗದಲ್ಲಿ, ಚೆಲ್ಲಿದ ಮಂಡಕ್ಕಿ ಅವಳ ಕಣ್ಣಿಗೆ ಬಿತ್ತು. ಬಿಸಿಬಿಸಿ, ಗರಿಗರಿ. ತಿಂದಳು ನೋಡಿ! ಅಂದಿನಿಂದ ಕಾಡಿನ ಕಡೆ ತಲೆಯನ್ನೇ ಹಾಕಲಿಲ್ಲ.

"ಬಾರೇ ಬುಗುಡಿ, ಹುಣಸೆ ಮರದ ಬುಡದಲ್ಲಿ ಗೆದ್ದಲು ಎದ್ದಿದೆ," ಎಂದು ಕರೆದಳು ಕೆದಕವ್ವ. ಹಿಂಡಿಗೆಲ್ಲ ಅವಳೇ ಹಿರಿಯಳು. ಎಲ್ಲರೂ ಅವಳನ್ನು ಅತ್ತೆ ಎನ್ನುತ್ತಿದ್ದರು.

"ಇಸ್ಸಿ! ಹುಳ ತಿನ್ನೋದನ್ನು ನೀನೇ ಇಟ್ಟುಕೋ ಅತ್ತೆ. ಮಣ್ಣು ಕೆದಕಿದರೆ ನನ್ನ ಉಗುರು ಸವೆಯುತ್ತೆ."

"ಹಾಗಾದರೆ ನಾಲ್ಕು ಎಲೆ ಸೊಪ್ಪಾದರೂ ತಿನ್ನು."

"ಸೊಪ್ಪು ತಿನ್ನೋಕೆ ನಾನೇನು ಮೇಕೆಯೇ?"

ಮಂಡಕ್ಕಿ ತಿಂದು ನೀರು ಕುಡಿದರೆ ಅವಳ ಕೊರಳ ಚೀಲ ಬುಸ್ಸೆಂದು ಉಬ್ಬುತ್ತಿತ್ತು. "ನೋಡಿ, ನಾನು ಎಷ್ಟು ಉಂಡಿದ್ದೇನೆ!" ಎಂದು ಎದೆಯುಬ್ಬಿಸಿಕೊಂಡು ನಡೆಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಎಲ್ಲ ಟುಸ್ಸೆಂದು ಇಳಿದು ಮತ್ತೆ ಹಸಿವು. ಮತ್ತೆ ಮಂಡಕ್ಕಿ.

ಬುಗುಡಿಗೆ ಇದ್ದದ್ದು ಒಂದೇ ಆಸೆ, ಮರಿ ಮಾಡಬೇಕು. ಅದಕ್ಕೆಂದೇ ಹುಲಿಗೆವ್ವ ಅವಳಿಗೊಂದು ಬುಟ್ಟಿ ಕೊಟ್ಟಿದ್ದಳು. ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಒಂದು ಇದ್ದಿಲ ಚೂರು, ಒಂದು ಕಬ್ಬಿಣದ ಮೊಳೆ ಕೂಡ ಇಟ್ಟಿದ್ದಳು. ಆದರೆ ಬುಗುಡಿ ಇಟ್ಟ ಮೊಟ್ಟೆ ಒಂದೂ ಉಳಿಯಲಿಲ್ಲ. ದಿನಾ ಒಡೆದು ಹುಲ್ಲೆಲ್ಲ ಅಂಟಂಟು.

"ಇನ್ನು ಸ್ವಲ್ಪ ದಿನ ನೋಡ್ತೀನಿ. ಇವಳ ಮೊಟ್ಟೆ ನಿಲ್ಲದಿದ್ದರೆ ಬುಟ್ಟಿಯನ್ನು ಕರಿ ಕೋಳಿಗೆ ಕೊಡ್ತೀನಿ," ಎಂದಳು ಹುಲಿಗೆವ್ವ. 

"ಯಾರೋ ಕದ್ದು ಬಂದು ಒಡೀತಿದ್ದಾರೆ! ನನ್ನ ಹೊಟ್ಟೆ ಉರಿಸೋಕೇ ಒಡೀತಿದ್ದಾರೆ!" ಎಂದು ಅಳುತ್ತಾ ಬುಗುಡಿ ಹುಂಜ ತುರಾಯಪ್ಪನ ಹತ್ತಿರ ದೂರು ಒಯ್ದಳು. ತುರಾಯಪ್ಪನಿಗೆ ಪಂಚಾಯಿತಿ ಎಂದರೆ ಪಂಚಪ್ರಾಣ. ಕೂಡಲೇ ತಿಪ್ಪೆ ಏರಿ ನಿಂತು ಕಾಗೆಯನ್ನೂ ಕೇರೆ ಹಾವನ್ನೂ ಕರೆಸಿದ.

"ಏನಯ್ಯಾ ಕಾಗೆ, ಮೊಟ್ಟೆ ಒಡೆದದ್ದು ನೀನೇ ತಾನೇ?"

"ಗೌಡ್ರೇ, ಒಂದು ಸಲ ಹೋಗಿದ್ದೆ, ಸುಳ್ಳು ಯಾಕೆ ಹೇಳಲಿ? ಆದರೆ ಕೊಕ್ಕು ತಾಗಿಸೋ ಮೊದಲೇ ಅದು ಒಡೆದಿತ್ತು. ರುಚಿಯೂ ಇರಲಿಲ್ಲ, ಬಿಡಿ."

"ನಿನ್ನದೇನಮ್ಮ ಕೇರೆ?"

"ಮುಟ್ಟಿದರೆ ನಾನು ಇಡಿಯಾಗಿ ನುಂಗ್ತೀನಿ ಸ್ವಾಮಿ. ಹೀಗೆ ಚೆಲ್ಲಾಡಿ ಎದ್ದು ಹೋಗೋದು ನಮ್ಮ ಮನೆತನದಲ್ಲೇ ಇಲ್ಲ."

ಕೋಳಿಗಳೆಲ್ಲ ಹೌದು ಹೌದೆಂದು ತಲೆಯಾಡಿಸಿದವು. ತಲೆಯಾಡಿಸುತ್ತಲೇ ಎರಡು ಹೆಜ್ಜೆ ಹಿಂದೆ ಸರಿದವು.

"ಹಾಗಾದರೆ ಒಡೆದದ್ದು ಯಾರು?" ಎಂದ ತುರಾಯಪ್ಪ. "ಬುಗುಡಿ, ನೀನೇ ಧಡಕ್ಕೆಂದು ಕೂರ್ತೀಯೋ ಏನೋ?"

"ನಾನೇ? ಹೂವಿನ ಹಾಗೆ ಕೂರ್ತೀನಿ! ಬೇಕಾದರೆ ನೋಡಿ!" ಬುಗುಡಿ ಬುಟ್ಟಿ ಏರಿ, ರೆಕ್ಕೆ ಅಗಲಿಸಿ, ಅವತ್ತು ಇಟ್ಟಿದ್ದ ಮೊಟ್ಟೆಯ ಮೇಲೆ ಮೆಲ್ಲಗೆ, ಮೆಲ್ಲಮೆಲ್ಲಗೆ ಕೂತಳು.

ಪಚಕ್!

ತುರಾಯಪ್ಪ ಗಂಟಲು ಸರಿ ಮಾಡಿಕೊಂಡ. "ಕಳ್ಳಿ ಸಿಕ್ಕಿದಳು. ಸಭೆ ಮುಗೀತು."

ಕಾಗೆ ನಕ್ಕೂ ನಕ್ಕೂ ಕೊಂಬೆಯಿಂದ ಜಾರಿದ. ಬುಗುಡಿ ರೆಕ್ಕೆಯೊಳಗೆ ಮುಖ ಮುಚ್ಚಿಕೊಂಡು ಅತ್ತಳು. ಪಾಪ, ಯಾರ ಮೇಲೆ ಸಿಟ್ಟಾಗುವುದು ಅಂತಲೂ ಅವಳಿಗೆ ತಿಳಿಯಲಿಲ್ಲ.

ಕೆದಕವ್ವ ಒಡೆದ ಚಿಪ್ಪನ್ನು ಕೊಕ್ಕಿನಲ್ಲಿ ಎತ್ತಿ ನೋಡಿದಳು. "ಅಯ್ಯೋ ನಿನ್ನ! ಈರುಳ್ಳಿ ಸಿಪ್ಪೆಯ ಹಾಗಿದೆಯಲ್ಲೇ! ನೀನು ತಿಂದಿದ್ದು ಬರೀ ಮಂಡಕ್ಕಿ, ಗಟ್ಟಿ ಚಿಪ್ಪು ಎಲ್ಲಿಂದ ಬರಬೇಕು? ಚಿಪ್ಪಿಗೆ ಸುಣ್ಣ ಬೇಕು. ಒಳಗಿನ ಮರಿ ಬೆಳೆಯೋಕೆ ಹುಳುಹುಪ್ಪಟೆ ಬೇಕು, ಕಾಳು ಬೇಕು, ಸೊಪ್ಪು ಬೇಕು..."

ಬುಗುಡಿ ಪೂರ್ತಿ ಕೇಳಿಸಿಕೊಂಡರೆ ತಾನೇ? ಸುಣ್ಣ ಅಂದದ್ದೇ ತಡ, ಓಡಿದಳು. ಭಟ್ಟಿಯ ಹಳೆ ಗೋಡೆಯ ಸುಣ್ಣದ ಚಕ್ಕೆ ಕುಕ್ಕಿದಳು. ಬೆಳಿಗ್ಗೆ ಗೋಡೆ, ಮಧ್ಯಾಹ್ನ ಗೋಡೆ, ಸಂಜೆಗೂ ಗೋಡೆ. ನಾಲ್ಕನೇ ದಿನ ಕಾಲು ನಡುಗಿತು. ಮೊಟ್ಟೆ ಇಡುವುದೂ ನಿಂತುಹೋಯಿತು.

"ಗೋಡೆ ಬಿದ್ದರೆ ನನ್ನನ್ನು ಕೇಳಬೇಡಿ," ಎಂದ ತುರಾಯಪ್ಪ.

ಕೆದಕವ್ವನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ನಿನ್ನ ತಲೆಯಲ್ಲಿ ಇರೋದು ಮಿದುಳೋ ಮಂಡಕ್ಕಿಯೋ? ಸುಣ್ಣ ಬೇಕು ಅಂದರೆ ಊಟ ಬಿಟ್ಟು ಸುಣ್ಣ ತಿನ್ನು ಅಂತಲ್ಲ! ಅವತ್ತು ಒಂದನ್ನೇ ಹಿಡಿದು ಕೆಟ್ಟೆ, ಇವತ್ತು ಇನ್ನೊಂದನ್ನೇ ಹಿಡಿದು ಕೆಡ್ತಿದ್ದೀಯ. ನಡಿ ನನ್ನ ಜೊತೆ!"

ಅಂದಿನಿಂದ ಇಬ್ಬರೂ ಜೊತೆಗೇ ತಿರುಗಿದರು. ಬೆಳಿಗ್ಗೆ ಜೋಳದ ನುಚ್ಚು. ಬಿಸಿಲೇರಿದ ಮೇಲೆ ಗೆದ್ದಲು, ಮಿಡತೆ. ಬಚ್ಚಲ ನೀರು ಹರಿಯುವಲ್ಲಿ ಬೆಳೆದ ಹೊನಗೊನ್ನೆ ಸೊಪ್ಪು. ನಡುನಡುವೆ ಬಸವನಹುಳುವಿನ ಚಿಪ್ಪಿನ ಒಂದೆರಡು ಚೂರು, ಗುಟುಕು ನೀರು.

"ಅತ್ತೆ, ಮಂಡಕ್ಕಿ?" ಎಂದು ಬುಗುಡಿ ಹೆದರುತ್ತಾ ಕೇಳಿದಳು.

"ನಾಲ್ಕು ಕಾಳು ತಿನ್ನು, ಬಾಯಿ ಚಪಲಕ್ಕೆ. ನಾನೂ ತಿಂತೀನಿ. ಯಾರಿಗೂ ಹೇಳಬೇಡ."

ಕೆಲವು ವಾರಗಳಲ್ಲಿ ಬುಗುಡಿಯ ಮೈ ತುಂಬಿತು, ಮೊಟ್ಟೆ ಗಟ್ಟಿಯಾಯಿತು. ಬುಟ್ಟಿಯಲ್ಲಿ ಒಂಬತ್ತು ಮೊಟ್ಟೆ ನಿಂತವು. ಬುಟ್ಟಿಯನ್ನು ಕರಿ ಕೋಳಿಗೆ ಕೊಡುವ ಮಾತನ್ನು ಹುಲಿಗೆವ್ವ ಮತ್ತೆ ಎತ್ತಲಿಲ್ಲ. ಬುಗುಡಿ ಕಾವಿಗೆ ಕೂತಳು.

ಇಪ್ಪತ್ತೊಂದನೆಯ ದಿನ ಅವಳ ಹೊಟ್ಟೆಯ ಕೆಳಗೆ 'ಟಿಕ್' ಎಂದಿತು. ಇಣುಕಿದರೆ ಮೊಟ್ಟೆಯ ಮೇಲೆ ಉದ್ದ ಬಿರುಕು!

"ಅತ್ತೇ! ಮತ್ತೆ ಒಡೆದುಬಿಟ್ಟೆ! ಎಲ್ಲ ತಿಂದೆ, ನೀನು ಹೇಳಿದ ಹಾಗೇ ತಿಂದೆ, ಆದರೂ ಒಡೆದುಬಿಟ್ಟೆ!" ಬುಗುಡಿ ಗೋಳೋ ಎಂದು ಅತ್ತಳು.

ಕೆದಕವ್ವ ಓಡಿ ಬಂದು ಮೊಟ್ಟೆಗೆ ಕಿವಿ ಇಟ್ಟಳು. ಅವಳ ಕಣ್ಣೂ ತುಂಬಿ ಬಂತು.

"ಸುಮ್ಮನೆ ಕೂರೇ ಹುಚ್ಚಿ," ಎಂದಳು. "ಈ ಸಲ ಒಡೀತಿರೋದು ನೀನಲ್ಲ. ಒಳಗಿನಿಂದ ನಿನ್ನ ಮಗು ಒಡೀತಿದೆ."

ನೀತಿ: ಬಾಯಿಗೆ ಹಿಡಿಸಿದ್ದೊಂದನ್ನೇ ತಿಂದರೆ ಹೊಟ್ಟೆ ಉಬ್ಬೀತು, ಮೈ ಗಟ್ಟಿಯಾಗದು, ಎಲ್ಲವನ್ನೂ ಹದವರಿತು ತಿನ್ನಬೇಕು.