ಗಾಣಿಗ ಊದಿದ ಗಾಳಿ

“ಗುರುಗಳೇ, ನನ್ನ ಮಾದರಿಯಲ್ಲಿ ಒಂದು ದೀಪವೂ ಆರುವುದಿಲ್ಲ. ಗಾಳಿಯನ್ನೂ ನಾನೇ ಹದವಾಗಿ ಕೊಟ್ಟು ನೋಡಿದ್ದೇನೆ. ಇನ್ನು ಪರೀಕ್ಷಿಸುವುದು ಏನಿದೆ?” ಎಂದು ಶಿಷ್ಯ ಕೇಳಿದ.

ಅವನು ವಿದ್ಯುತ್ ಎಂಜಿನಿಯರ್. ಗುಡ್ಡದ ಗಾಳಿಯಂತ್ರಗಳನ್ನು ಊರೂರಿನ ವಿದ್ಯುತ್ ಜಾಲಕ್ಕೆ ಸೇರಿಸಿದರೆ ಏನಾದೀತೆಂದು ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿದ್ದ. ಅದಕ್ಕೆ ಒಪ್ಪಿಗೆ ಸಿಕ್ಕರೆ ನಿಜವಾದ ತಂತಿ ಎಳೆಯುವುದೇ ಬಾಕಿ.

ಗುರುಗಳು ಕತೆ ಹೇಳಿದರು.

ಒಬ್ಬ ಗಾಣಿಗನಿದ್ದ. ಅವನ ಗಾಣದ ಎತ್ತಿಗೆ ವಯಸ್ಸಾಗಿತ್ತು. ಆ ಎತ್ತೆಂದರೆ ಅವನಿಗೆ ಪ್ರಾಣ. ಅದರ ಅರ್ಧ ದುಡಿಮೆಯನ್ನಾದರೂ ಗಾಳಿಗೆ ಹೊರಿಸೋಣವೆಂದು ಗಾಣಕ್ಕೊಂದು ಗಾಳಿಚಕ್ರ ಜೋಡಿಸಲು ಹೊರಟ. ಗಾಳಿ ಬೀಸಿದಾಗ ಚಕ್ರ ಗಾಣ ತಿರುಗಿಸಬೇಕು, ಎತ್ತು ಸುಮ್ಮನೆ ಹೆಜ್ಜೆ ಹಾಕಬೇಕು. ಗಾಳಿ ನಿಂತರೆ ಎತ್ತು ಎಳೆಯಬೇಕು.

ಗಾಣಿಗ ಜಾಣ. ಮೊದಲು ಆಟಿಕೆ ಮಾಡಿ ನೋಡಿದ. ಅಂಗೈಯಗಲದ ಗಾಣ, ತಾಳೆಗರಿಯ ಚಕ್ರ. ಎತ್ತಿನ ಜಾಗಕ್ಕೆ, ಮಣ್ಣೆತ್ತಿನ ಅಮಾವಾಸ್ಯೆಯ ದಿನ ಪೂಜಿಸಿಟ್ಟಿದ್ದ ಮಣ್ಣಿನ ಎತ್ತು. ಕೆನ್ನೆ ಉಬ್ಬಿಸಿ ಊದಿದ. ಮಣ್ಣೆತ್ತು ಗಂಭೀರವಾಗಿ ಸುತ್ತು ಹಾಕಿತು. ಅದು ವಾಲಿದರೆ ಮೆಲ್ಲಗೆ ಊದಿದ. ಸಾಕೆನಿಸಿದಾಗ ನಿಲ್ಲಿಸಿ ಎಲೆಯಡಿಕೆ ಹಾಕಿಕೊಂಡ. ಒಮ್ಮೆಯೂ ಎಡವಟ್ಟಾಗಲಿಲ್ಲ.

“ನೋಡ, ಹ್ಯಾಂಗ ಹೇಳಿದ ಮಾತು ಕೇಳತೈತಿ!” ಎಂದು ಹೆಂಡತಿಯನ್ನು ಕರೆದು ತೋರಿಸಿದ.

ಅದೇ ಅಳತೆ ಹಿಗ್ಗಿಸಿ ದೊಡ್ಡ ಚಕ್ರ ಕಟ್ಟಿದ, ಎತ್ತನ್ನು ಹೂಡಿದ. ಆಷಾಢದ ಗಾಳಿ ಬಂತು. ಅದಕ್ಕೆ ಯಾರ ಹದವೂ ಗೊತ್ತಿಲ್ಲ. ಚಕ್ರ ಹುಚ್ಚೆದ್ದು ತಿರುಗಿತು. ಗಾಣದ ತೊಲೆ ಹಿಂದಿನಿಂದ ತಿವಿದಾಗ ಮುದಿ ಎತ್ತು ಬಾಲ ಎತ್ತಿಕೊಂಡು ಸುತ್ತ ಓಡತೊಡಗಿತು. ಎಳ್ಳು, ಹಿಂಡಿ, ಎಣ್ಣೆ ಎಲ್ಲವೂ ಗೋಡೆಗೆ ಹಾರಿದವು. ಎತ್ತು ಬಿದ್ದು ಸತ್ತೇ ಹೋಗುತ್ತದೆಂದು ಗಾಣಿಗನ ಜೀವ ಬಾಯಿಗೆ ಬಂತು. ಪಾಪ, ಏನೂ ತೋಚದೆ ಚಕ್ರದ ಮುಂದೆ ಓಡಿ ನಿಂತ. ಗಾಳಿ ನಿಲ್ಲಲೆಂದು ತುಟಿ ಬಿಗಿದು ಉಸಿರು ಹಿಡಿದ.

ಹೆಂಡತಿ ಕುಡುಗೋಲು ತಂದು ಹಗ್ಗ ಕೊಯ್ದಳು. ಎತ್ತು ಹೊರಗೋಡಿತು.

“ಇನ್ನರ ಉಸಿರು ಬಿಡ್ರಿ! ಈ ಗಾಳಿ ನಿಮ್ಮ ಬಾಯಾಗಿಂದಲ್ಲ” ಎಂದಳು.

ಎತ್ತಿಗೆ ಏನೂ ಆಗಲಿಲ್ಲ. ಆದರೆ ಅದು ಮತ್ತೆಂದೂ ಗಾಣದ ಹತ್ತಿರ ಸುಳಿಯಲಿಲ್ಲ. ಅಂದಿನಿಂದ ಗಾಣಿಗನೇ ಗಾಣ ಎಳೆದ, ಎತ್ತು ನೆರಳಲ್ಲಿ ಮೆಲುಕು ಹಾಕುತ್ತ ನೋಡಿತು.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. “ಎಂಥ ಪೆದ್ದ, ಗುರುಗಳೇ!”

ಅವನ ನಗು ಮುಗಿಯುವವರೆಗೂ ಕಾದು ಗುರುಗಳು ಕೇಳಿದರು:

“ನಿನ್ನ ಕಂಪ್ಯೂಟರಿನಲ್ಲಿ ಊದುತ್ತಿರುವವರು ಯಾರಪ್ಪಾ?”