ಭಾವಮೈದುನ ಹಗ್ಗ ಬಿಟ್ಟ ವರ್ಷ

"ಗುರುಗಳೇ, ಸೊನ್ನೆಗಿಂತ ಕಡಿಮೆ ಇರುವುದನ್ನು ಕಳೆದರೆ ಲೆಕ್ಕ ಹೆಚ್ಚುವುದು ಹೇಗೆ? ಏನು ಮಾಡಿದರೂ ಇದು ಮಕ್ಕಳ ತಲೆಗೆ ಹತ್ತುತ್ತಿಲ್ಲ."

ಕೇಳಿದವನು ಮರುಳಸಿದ್ಧ, ಮಠದ ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಶಿಷ್ಯ. ಕೈಯಲ್ಲಿದ್ದ ಬೆತ್ತವನ್ನು ಪಕ್ಕಕ್ಕಿಟ್ಟು ಎದುರಿಗೆ ಕುಳಿತ. ಗುರುಗಳಿಗೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿತ್ತು. ಆಟದ ರೂಪದಲ್ಲಿ ಲೆಕ್ಕ ಕೊಟ್ಟೆ ಎನ್ನುತ್ತಾನೆ, ಬೆಳಗಿನ ಪಾಠ ಸೇರಿಸಿದೆ ಎನ್ನುತ್ತಾನೆ, ಸಂಜೆಯದನ್ನೂ ಸೇರಿಸಿದೆ ಎನ್ನುತ್ತಾನೆ. ಮಕ್ಕಳು ಮಾತ್ರ ಒಬ್ಬೊಬ್ಬರಾಗಿ ಶಾಲೆ ಬಿಡುತ್ತಿದ್ದರು. ಹೀಗೇ ಆದರೆ ಬೀಗ ಹಾಕಬೇಕಾಗುತ್ತದೆ. ಇವನಿಗೆ ನೇರವಾಗಿ ಹೇಳಿ ಪ್ರಯೋಜನವಿಲ್ಲ ಎಂದುಕೊಂಡು ಗುರುಗಳು ಕತೆಗೆ ಇಳಿದರು.

"ಎರಡು ಊರಿಗೆ ಒಂದೇ ಕೆರೆ. ನಾಟಿಗೆ ಮುಂಚೆ ಎರಡೂ ಊರಿನವರು ಹಗ್ಗ ಎಳೆಯಬೇಕು, ಗೆದ್ದ ಊರಿಗೆ ಮೊದಲ ನೀರು. ಎಷ್ಟು ಜನ ಬೇಕಾದರೂ ಹಗ್ಗ ಹಿಡಿಯಬಹುದು. ಹಗ್ಗದ ನಡುವೆ ಕಟ್ಟಿದ ಕೆಂಪು ಬಟ್ಟೆ ಮೊದಲು ನಿಂತ ಜಾಗವೇ ಸೊನ್ನೆ.

"ಒಂದು ಊರಿನ ಯಜಮಾನ ಸೋತ. ಬಟ್ಟೆ ಮೂರು ಅಡಿ ಆಚೆ ಹೋಯಿತು. ಮರುವರ್ಷ ಒಬ್ಬ ಕಲ್ಲುಕುಟಿಗನನ್ನು ಸೇರಿಸಿಕೊಂಡ. ಅವನ ತೋಳಿನಿಂದ ಎರಡು ಅಡಿ ಉಳಿಯಿತು, ಆದರೂ ಒಂದು ಅಡಿಯಿಂದ ಸೋತ. ಎರಡು ವರ್ಷವೂ ನೀರು ತಡವಾಗಿ ಬಂತು, ಸಸಿ ಮಡಿಯಲ್ಲೇ ಒಣಗಿತು. ಇನ್ನೊಂದು ಸಲ ಸೋತರೆ ಊರಿನವರು ಗಂಟುಮೂಟೆ ಕಟ್ಟಬೇಕು. ಸೇರಿಸೋಣವೆಂದರೆ ಊರಿನಲ್ಲಿ ಗಟ್ಟಿ ಆಳು ಒಬ್ಬನೂ ಉಳಿದಿರಲಿಲ್ಲ.

"ಯಜಮಾನ ತಲೆ ಮೇಲೆ ಕೈಹೊತ್ತು ಕೂತ. ಹೆಂಡತಿ ಬಂದು, 'ಸೇರಿಸಿದ್ದು ಸಾಕು ಕಣ್ರೀ, ನನ್ನ ತಮ್ಮನ್ನ ತೆಗೀರಿ' ಅಂದಳು.

"ಯಜಮಾನನಿಗೆ ರೇಗಿತು. 'ಇರೋರನ್ನೂ ತೆಗೆದರೆ ಬಲ ಹೆಚ್ಚುತ್ತೇನೆ? ತಲೆ ಕೆಟ್ಟಿದೆಯಾ ನಿನಗೆ?'

"'ಅವನು ಸುಮ್ಮನೆ ನಿಂತಿದ್ರೆ ನಾನ್ಯಾಕೆ ಹೇಳ್ತಿದ್ದೆ? ಜನ ಕೂಗಿದಾಗಲೆಲ್ಲ ಹಗ್ಗ ಬಿಟ್ಟು ಕೈ ಬೀಸ್ತಾನೆ. ಹಿಂದಿದ್ದೋರೆಲ್ಲ ಮುಗ್ಗರಿಸ್ತಾರೆ. ನೀವು ನೋಡಿಲ್ವಾ?'

"ಯಜಮಾನ ನೋಡಿದ್ದ. ಹೆಂಡತಿಯ ತಮ್ಮನಿಗೆ ಬೇಡ ಎನ್ನಲಾರದೆ ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದ. ಈ ಸಲ ಬೇರೆ ದಾರಿಯಿರಲಿಲ್ಲ. ಭಾವಮೈದುನನನ್ನು ಕೆರೆ ಏರಿಯ ಮೇಲೆ ಕೂರಿಸಿದ. ಅಲ್ಲಿ ಎಷ್ಟು ಬೇಕಾದರೂ ಕೈ ಬೀಸಿಕೊಳ್ಳಲಿ! ಹೊಸದಾಗಿ ಯಾರೂ ಬರಲಿಲ್ಲ, ಇದ್ದವರೇ ಎಳೆದರು. ಒಂದು ಅಡಿ ಆಚೆ ಹೋಗಿದ್ದ ಬಟ್ಟೆ ಮೂರು ಅಡಿ ಈಚೆ ಬಂತು. ಆ ಮಹಾರಾಯ ಒಬ್ಬನೇ ನಾಲ್ಕು ಅಡಿ ಕೆಡಿಸುತ್ತಿದ್ದ. ಕೆಡಿಸುವುದನ್ನು ತೆಗೆದರೆ ಸೇರಿಸಿದ ಹಾಗೆ. ತಿಳಿಯಿತೇ?"

ಮರುಳಸಿದ್ಧನ ಮುಖ ಅರಳಿತು. "ತಿಳಿಯಿತು ಗುರುಗಳೇ, ಚೆನ್ನಾಗಿ ತಿಳಿಯಿತು! ನಾಳೆಯಿಂದ ಪಾಠಕ್ಕೆ ಈ ಕತೆಯನ್ನೂ ಸೇರಿಸುತ್ತೇನೆ" ಎಂದು ಬೆತ್ತ ಎತ್ತಿಕೊಂಡು ಎದ್ದ.

ಗುರುಗಳು ಹಣೆ ಚಚ್ಚಿಕೊಂಡರು.

"ಕತೆ ಆಮೇಲೆ ಸೇರಿಸುವೆಯಂತೆ, ಮೊದಲು ಆ ಬೆತ್ತ ಇಲ್ಲಿಟ್ಟು ಹೋಗು."