ಮೀಸೆ ಮೀನಿಗೆ ಕಹಳೆ ಮರ್ಯಾದೆ

ಕಡವಿನಕೋಟೆಯ ಅರಸ ಬೊಪ್ಪರಸನಿಗೆ ತನ್ನ ಮೀಸೆಯ ಮೇಲೆ ಎಲ್ಲಿಲ್ಲದ ಹೆಮ್ಮೆ. ಒಮ್ಮೆ ಹಡಗಿನ ವ್ಯಾಪಾರಿಯೊಬ್ಬ ದೂರದ ದೇಶದಿಂದ ಆರು ಮೀನು ತಂದು ಅವನಿಗೆ ಕಾಣಿಕೆ ಕೊಟ್ಟ. ಕಪ್ಪು ಮೈ, ಅಗಲ ಬಾಯಿ, ಬಾಯಿಯ ಎರಡೂ ಕಡೆ ಉದ್ದುದ್ದ ಮೀಸೆ.

ಅರಸ ಹಂಡೆಯೊಳಗೆ ಬಗ್ಗಿ ನೋಡಿ ಹಿಗ್ಗಿ ಹೀರೇಕಾಯಿಯಾದ.

"ನೋಡಿದಿರಾ! ಅಚ್ಚು ನಮ್ಮದೇ ಮೀಸೆ! ಇವು ಮೀನಲ್ಲ, ನಮ್ಮ ಮನೆಯವರು. ಇವುಗಳ ಮಕ್ಕಳು ಮೊಮ್ಮಕ್ಕಳೂ ನಮ್ಮ ಮನೆಯವರೇ. ಮುಟ್ಟಿದವನ ಬಲಗೈ ಹೆಬ್ಬೆರಳು ತೆಗೆಸುತ್ತೇನೆ. ಡಂಗುರ ಹೊಡೆಸಿ!"

ಡಂಗುರವಾಯಿತು. ಮೀನುಗಳು ಅರಮನೆಯ ಕೊಳ ಸೇರಿದವು.

ಆ ಮಳೆಗಾಲದಲ್ಲಿ ಕೊಳ ಉಕ್ಕಿತು. ಅರಸನ ಮನೆಯವರು ಯಾರನ್ನೂ ಕೇಳದೆ ಹೊರಟೇಬಿಟ್ಟರು! ಕೊಳದಿಂದ ಕಾಲುವೆಗೆ, ಕಾಲುವೆಯಿಂದ ಹೊನ್ನಹೊಳೆಗೆ. ಒದ್ದೆ ಹುಲ್ಲಿನ ಮೇಲೆ ತೆವಳಿಕೊಂಡು ಕೆರೆಯಿಂದ ಕೆರೆಗೂ ಹೋದರು. ಮೂರು ವರ್ಷ ತುಂಬುವಷ್ಟರಲ್ಲಿ ಮೇಲಿನ ತೊರೆಗಳಿಂದ ಹಿಡಿದು ಕೆಳಗೆ ಸಮುದ್ರದ ತನಕ ಅವರದ್ದೇ ಸಂಸಾರ. ಗೆಂಡೆ ಮೀನಿನ ಮೊಟ್ಟೆ ತಿಂದರು, ಕೊರವ ಮೀನಿನ ಮರಿ ತಿಂದರು, ಕಪ್ಪೆಯನ್ನೂ ಬಿಡಲಿಲ್ಲ. ಬೆಸ್ತರು ಬಲೆ ಎಳೆದರೆ ಬರೀ ಮೀಸೆ. ಹೆಬ್ಬೆರಳಿನ ಭಯಕ್ಕೆ ಬಲೆ ಕೊಡವಿ ಮತ್ತೆ ನೀರಿಗೇ ಬಿಡುತ್ತಿದ್ದರು. ಇದನ್ನೆಲ್ಲ ಅರಸನಿಗೆ ಹೇಳುವವರು ಯಾರು? ಹೇಳಬೇಕಾದವರಿಗೂ ಹೆಬ್ಬೆರಳು ಇತ್ತಲ್ಲ.

ಕೊನೆಗೆ ಜುಂಜನೆಂಬ ಬೆಸ್ತ ನಾಲ್ಕು ದಿನ ಉಪವಾಸವಿದ್ದು, ಐದನೆಯ ದಿನ ಒಂದು ಮೀಸೆ ಮೀನು ಹಿಡಿದು ಸಾರು ಮಾಡಿಸಿ ಉಂಡೇಬಿಟ್ಟ. ಸಾರಿನ ಘಮ ಕಾವಲುಗಾರರ ಮೂಗಿಗೆ ಬಡಿಯಿತು. ಜುಂಜ ಸೆರೆಮನೆ ಸೇರಿದ. ಶುಕ್ರವಾರ ಬೆರಳು ತೆಗೆಯುವುದೆಂದು ನಿಶ್ಚಯವಾಯಿತು.

ಬುಧವಾರ ಅವನ ಹೆಂಡತಿ ಕೆಂಪಾಜಿ ಕೋನಪ್ಪನ ಮನೆ ಬಾಗಿಲಿಗೆ ಬಂದಳು. ಆಸ್ಥಾನದಲ್ಲಿ ಯಾರನ್ನು ಎಲ್ಲಿ ಕೂರಿಸಬೇಕು, ಯಾರು ಬಂದರೆ ಕಹಳೆ ಊದಿಸಬೇಕು ಎಂದು ನೋಡಿಕೊಳ್ಳುವವನು ಈ ಕೋನಪ್ಪ.

"ಬಲೆ ಬೀಸಾಕೆ ಹೆಬ್ಬೆಟ್ಟೇ ಆಧಾರ, ಬುದ್ಧಿ. ಅದು ಓದ್ರೆ ನಮ್ಮ ಬದುಕೇ ಓಯ್ತು. ಸಾಯೋಗಂಟ ನಾನೇ ಅವರಿಗೆ ತುತ್ತು ಮಾಡಿ ತಿನ್ನುಸ್ಬೇಕಾ?" ಎಂದು ಅತ್ತಳು.

ಕೋನಪ್ಪ ಹೇಳಿದ: "ತಪ್ಪು ನನ್ನದೇ ಕಣಮ್ಮ. ಅರಸರ ಮನೆಯವರು ಮೂರು ವರ್ಷದಿಂದ ಹೊಳೆಯಲ್ಲಿ ಓಡಾಡುತ್ತಿದ್ದಾರೆ. ಒಂದು ದಿನವಾದರೂ ನಾನು ಮರ್ಯಾದೆ ಮಾಡಿಸಲಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ಕೇರಿಯವರೆಲ್ಲ ದೋಣಿ ನಿಲ್ಲುವ ಅರಮನೆಯ ಕಡವಿನಲ್ಲಿ ಬಲೆ ಬೀಸಲಿ."

"ಮುಟ್ಟಿದ್ರೆ ಎಲ್ಲರ ಹೆಬ್ಬೆಟ್ಟೂ ಓಯ್ತದೆ, ಬುದ್ಧಿ!"

"ಮುಟ್ಟಬೇಡಿ. ಬಲೆ ನೀರಿನಲ್ಲೇ ಇರಲಿ. ಮೀಸೆ ಕಂಡ ಕೂಡಲೇ 'ಬಂದರು' ಎಂದು ಕೂಗಿ ಬಿಟ್ಟುಬಿಡಿ. ಮುಂದಿನದು ಕಹಳೆಯವನ ಕೆಲಸ."

ಕಡವಿನಕೋಟೆಯಲ್ಲಿ ಹಳೆಯ ಕಟ್ಟಳೆಯೊಂದಿತ್ತು. ಅರಮನೆಯವರು ಯಾರೇ ಹೊಳೆಯ ದಾರಿಯಲ್ಲಿ ಕಡವಿಗೆ ಬಂದರೂ ಕಹಳೆ ಊದಬೇಕು. ಕೇಳಿಸಿಕೊಂಡವನು ಅರಸನೇ ಆದರೂ ಎದ್ದು ನಿಲ್ಲಬೇಕು. ಊಟಕ್ಕೆ ಕೂತಿದ್ದರೂ ಏಳಬೇಕು. ನಡುವೆ ಎದ್ದ ಎಲೆಗೆ ಮತ್ತೆ ಕೂರುವುದಂತೂ ಯಾರ ಮನೆಯಲ್ಲೂ ಇಲ್ಲ.

ಗುರುವಾರ ಬೊಪ್ಪರಸ ಊಟಕ್ಕೆ ಕೂತ. ಅನ್ನ ಕಲಸಿದ. ತುತ್ತು ಎತ್ತಿದ.

ಭೋಂ!

ಎದ್ದ. ಎಲೆ ತೆಗೆದರು, ಬೇರೆ ಎಲೆ ಹಾಕಿದರು. ತುತ್ತು ಎತ್ತಿದ. ಭೋಂ! ಮೂರನೆಯ ಎಲೆಯಲ್ಲಿ ಉಪ್ಪು ಬಡಿಸುವಾಗಲೇ ಭೋಂ!

"ಯಾರು ಬಂದರೋ, ಕೋನಪ್ಪ?"

"ಮನೆಯವರು, ಪ್ರಭು."

"ಯಾವ ಮನೆಯವರು? ರಾಣಿ ಇಲ್ಲೇ ಬಡಿಸುತ್ತಿದ್ದಾಳೆ!"

"ಅವರ ಕಡೆಯವರಲ್ಲ ಪ್ರಭು, ತಮ್ಮ ಕಡೆಯವರು."

ಹನ್ನೊಂದನೆಯ ಎಲೆಯ ಹೊತ್ತಿಗೆ ಅಡುಗೆಯವರು ಅನ್ನ ಮುಗಿಯಿತೆಂದು ಕೈಮುಗಿದರು. ಅರಸನ ಹೊಟ್ಟೆ ತಾಳ ಹಾಕುತ್ತಿತ್ತು. ಸಿಟ್ಟಿನಿಂದ ದಡದಡನೆ ಕಡವಿಗೆ ನಡೆದ. ಅಲ್ಲಿ ಬೆಸ್ತರು ಸಾಲಾಗಿ ನಿಂತಿದ್ದರು. ಒಂದೊಂದು ಬಲೆಯಲ್ಲೂ ಮೀಸೆಗಳು ಮಿಜಿಮಿಜಿ ಎನ್ನುತ್ತಿದ್ದವು.

"ಇದ್ದದ್ದು ಆರೇ ಅಲ್ಲವೇನೋ!"

"ಮಕ್ಕಳಾದವು, ಮೊಮ್ಮಕ್ಕಳಾದವು, ಪ್ರಭು. ಈಗ ತಮ್ಮ ರಾಜ್ಯಕ್ಕಿಂತ ತಮ್ಮ ಸಂಸಾರವೇ ದೊಡ್ಡದು. ಹೊಳೆಯಲ್ಲಿ ಗೆಂಡೆ ಉಳಿದಿಲ್ಲ, ಕೊರವ ಉಳಿದಿಲ್ಲ, ಬೆಸ್ತರ ಒಲೆಯಲ್ಲಿ ಬೆಂಕಿ ಉಳಿದಿಲ್ಲ. ಆದರೆ ಅರಮನೆಯವರನ್ನು ಯಾರು ತಾನೇ ಕೇಳುತ್ತಾರೆ?"

ಭೋಂ! ಭೋಂ! ಭೋಂ!

"ನಿಲ್ಲಿಸೋ ಅದನ್ನ!" ಅರಸ ಕಿರುಚಿದ. "ಮನೆಯವರಂತೆ, ಮನೆಯವರು! ಬರೀ ಮೀನು ಕಣೋ ಇವು! ಬರೀ ಮೀನು!"

ಕಹಳೆ ನಿಂತಿತು. ಕೋನಪ್ಪ ಬಾಗಿ ಕೈಮುಗಿದ.

"ಇವು ಬರೀ ಮೀನಾದರೆ, ಪ್ರಭು, ಜುಂಜ ಬರೀ ಹಸಿದವನು. ನಾಳೆ ಅವನ ಬೆರಳನ್ನು ಯಾವ ತಪ್ಪಿಗೆ ತೆಗೆಸೋಣ?"

ಅರಸ ಬಾಯಿ ತೆರೆದ. ಅಷ್ಟರಲ್ಲಿ ಹಸಿದ ಹೊಟ್ಟೆ ಗುರ್ರೆಂದಿತು. ಅದು ಕಡವಿನಲ್ಲಿದ್ದವರಿಗೆಲ್ಲ ಕೇಳಿಸಿತು. ಅರಸನಿಗೇ ಮೊದಲು ನಗು ಬಂತು. ನಕ್ಕು ನಕ್ಕು ಮೆಟ್ಟಿಲ ಮೇಲೆ ಕುಸಿದು ಕೂತ. ಬೆಳಿಗ್ಗೆಯಿಂದ ಅವನು ನೆಮ್ಮದಿಯಾಗಿ ಕೂತದ್ದು ಅದೇ ಮೊದಲು.

"ಜುಂಜನನ್ನು ಬಿಡಿ! ಮೀಸೆ ಮೀನು ಯಾರು ಬೇಕಾದರೂ ಹಿಡಿಯಲಿ, ಯಾರು ಬೇಕಾದರೂ ತಿನ್ನಲಿ. ಹಿಡಿದದ್ದನ್ನು ಮತ್ತೆ ಹೊಳೆಗೆ ಬಿಟ್ಟವನಿಗೆ ಇನ್ನು ದಂಡನೆ!" ಎಂದ. ಹೊದ್ದಿದ್ದ ಶಾಲನ್ನೇ ತೆಗೆದು ಕೋನಪ್ಪನಿಗೆ ಹೊದಿಸಿದ.

ಜುಂಜ ಬಂದು ಅಡ್ಡಬಿದ್ದ. ಅರಸ ಅವನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ: "ಆ ಸಾರಿಗೆ ಏನೇನು ಹಾಕಿದ್ದಿರಯ್ಯ?"

"ನನ್ ಹೆಂಡ್ರನ್ನ ಕೇಳ್ಬೇಕು, ಸೋಮಿ."

ಕೆಂಪಾಜಿ ಬಾಯಲ್ಲಿ ಹೇಳುತ್ತಾ ನಿಲ್ಲಲಿಲ್ಲ. ಅಲ್ಲೇ ಮೂರು ಕಲ್ಲು ಹೂಡಿ ಮಡಕೆ ಇಟ್ಟಳು. ಹುಣಸೆಹುಳಿ, ಕರಿಮೆಣಸು, ಬೆಳ್ಳುಳ್ಳಿ ಬಿದ್ದ ಸಾರು ಕೊತಕೊತ ಕುದಿಯಿತು. ಅರಸ ಹನ್ನೆರಡನೆಯ ಎಲೆಗೆ ಕೂತು ಎರಡು ಸಲ ಹಾಕಿಸಿಕೊಂಡು ಉಂಡ. ಮೂರನೆಯ ಸಲ ಕೇಳಲು ಸಂಕೋಚಪಟ್ಟು ಮೀಸೆ ತಿರುವುತ್ತಾ ಮಡಕೆಯ ಕಡೆಗೇ ನೋಡಿದ.

ಕೆಂಪಾಜಿ ಸೌಟು ತುಂಬಿಕೊಂಡು ಬಂದಳು.

"ನಾಚ್ಕೋಬ್ಯಾಡಿ, ತಿನ್ನಿ ಬುದ್ಧಿ. ಇವನ್ನ ಮುಗ್ಸಾಕೆ ನೀವೊಬ್ರೇ ಸಾಲಕಿಲ್ಲ, ನಿಮ್ ಮೊಮ್ಮಕ್ಳೂ ತಿನ್ಬೇಕು."